ಮಿಯಾಸಿಸ್‌ನಲ್ಲಿ ಪುನರಾವರ್ತಿತ ಡಿಎನ್ಎ ಎಲ್ಲಿ ನೆರವು, ಎಲ್ಲಿ ಅಪಾಯ

ಅಂಡ, ವೀರ್ಯಾಣು ಮುಂತಾದವನ್ನು ಹುಟ್ಟಿಸುವ ಕೋಶವಿಭಜನೆಯೇ ಮಿಯಾಸಿಸ್. ಅದರ ಮೊದಲ ಹಂತದಲ್ಲಿ ತಾಯಿಯಿಂದ ಬಂದ 7ನೇ ವರ್ಣತಂತು ತಂದೆಯಿಂದ ಬಂದ 7ನೇ ವರ್ಣತಂತುವನ್ನೇ ಹುಡುಕಿ ಹಿಡಿಯಬೇಕು. ಹಿಡಿದ ಮೇಲೆ ಎರಡೂ ಉದ್ದಕ್ಕೂ ಅಂಟಿಕೊಳ್ಳಬೇಕು, ಕನಿಷ್ಠ ಒಂದು ಕಡೆ ತುಂಡು ಅದಲುಬದಲಾಗಬೇಕು (ಇದೇ ಕ್ರಾಸ್‌ಓವರ್), ಆಮೇಲೆ ಒಂದೊಂದು ಒಂದೊಂದು ದಿಕ್ಕಿಗೆ ಹೋಗಬೇಕು. ಯಾರಿಗೆ ಯಾರು ಜೋಡಿ ಎಂಬುದು ಬಹುಪಾಲು ಜೀವಿಗಳಲ್ಲಿ ಕೊನೆಗೆ ತೀರ್ಮಾನವಾಗುವುದು ಡಿಎನ್ಎ ಸಾಲಿನ ಹೋಲಿಕೆಯಿಂದ. ತೊಡಕಿರುವುದು ಅಲ್ಲೇ. ಮನುಷ್ಯನ ಜೀನೋಮಿನ ಸುಮಾರು ಅರ್ಧ ಭಾಗ ಮತ್ತೆ ಮತ್ತೆ ಬರುವ ಸಾಲುಗಳಿಂದಲೇ ತುಂಬಿದೆ. ಸುಮಾರು 300 ಬೇಸ್ (ಡಿಎನ್ಎಯ ಅಕ್ಷರ) ಉದ್ದದ ಆಲು ಎಂಬ ತುಂಡೊಂದೇ 10 ಲಕ್ಷಕ್ಕೂ ಹೆಚ್ಚು ಕಡೆ ಕೂತಿದೆ. 7ರಲ್ಲಿರುವ ಆಲು 12ರಲ್ಲಿರುವ ಆಲುವನ್ನು ತನ್ನ ಜೋಡಿ ಎಂದುಕೊಂಡು ತುಂಡು ಬದಲಾಯಿಸಿಕೊಂಡರೆ ಆ ಕೋಶದ ಗತಿ ಮುಗಿದಂತೆ.

ಹಾಗೆಂದು ಪುನರಾವರ್ತಿತ ಸಾಲುಗಳನ್ನು ಬರೀ ಅಡ್ಡಿ ಎಂದು ತಳ್ಳಿಹಾಕುವಂತಿಲ್ಲ. ಜೋಡಣೆಯ ಎಷ್ಟೋ ಕೆಲಸವನ್ನು ಕೋಶ ಅವುಗಳಿಂದಲೇ ಮಾಡಿಸಿಕೊಳ್ಳುತ್ತದೆ. ಆದ್ದರಿಂದ ನೆರವೋ ಅಡ್ಡಿಯೋ ಎಂಬ ಪ್ರಶ್ನೆ ನನಗೆ ಅಷ್ಟು ಉಪಯುಕ್ತ ಎನಿಸುವುದಿಲ್ಲ. ಕೇಳಬೇಕಾದದ್ದು ಬೇರೆ: ಆ ಸರಣಿ ವರ್ಣತಂತುವಿನ ಯಾವ ಜಾಗದಲ್ಲಿದೆ, ಎಷ್ಟು ಪ್ರತಿಗಳಿವೆ, ಯಾವ ಪ್ರೋಟೀನನ್ನು ಹಿಡಿದುಕೊಂಡಿದೆ, ಅಲ್ಲಿ ಎಳೆ ಕಡಿಯಲು ಕೋಶ ಬಿಡುತ್ತದೆಯೇ. ಸಾಲಿನ ಅಕ್ಷರಗಳಿಗಿಂತ ಈ ನಾಲ್ಕೇ ಹೆಚ್ಚು ಹೇಳುತ್ತವೆ.

ಅಕ್ಷ ಮತ್ತು ಕುಣಿಕೆ

ಮಿಯಾಸಿಸ್‌ನ ವರ್ಣತಂತುವಿಗೆ ನಡುವೆ ಪ್ರೋಟೀನಿನ ಒಂದು ಅಕ್ಷವಿದೆ. ಡಿಎನ್ಎ ಅದರಿಂದ ಕುಣಿಕೆ ಕುಣಿಕೆಯಾಗಿ ಹೊರಕ್ಕೆ ಚಾಚಿರುತ್ತದೆ. ಸಸ್ತನಿಗಳಲ್ಲಿ ಅಕ್ಷ ಕಟ್ಟುವುದು ಎಸ್‌ವೈಸಿಪಿ2, ಎಸ್‌ವೈಸಿಪಿ3, ಹಾರ್ಮ್ಯಾಡ್1 ಮತ್ತು ರೆಕ್8, ರ‍್ಯಾಡ್21ಎಲ್ ಇರುವ ಕೊಹೆಸಿನ್‌ಗಳು, ಅಂದರೆ ಎಳೆಗಳನ್ನು ಒಟ್ಟಿಗೆ ಹಿಡಿದಿಡುವ ಪ್ರೋಟೀನ್ ಕೂಟಗಳು. ಜೋಡಿಯ ಎರಡು ಅಕ್ಷಗಳು ಸುಮಾರು 100 ನ್ಯಾನೊಮೀಟರ್ ಅಂತರದಲ್ಲಿ ಸಮಾನಾಂತರವಾಗಿ ನಿಂತು, ನಡುವೆ ಎಸ್‌ವೈಸಿಪಿ1 ಜಿಪ್‌ನಂತೆ ಕೂಡಿಕೊಂಡಾಗ ಸಿನಾಪ್ಟೊನೀಮಲ್ ಕಾಂಪ್ಲೆಕ್ಸ್ ಸಿದ್ಧ. 1956ರಲ್ಲಿ ಮೋಸೆಸ್ ಮತ್ತು ಫಾಸೆಟ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪ್ರತ್ಯೇಕವಾಗಿ ಕಂಡದ್ದು ಇದನ್ನೇ. ಅಕ್ಷದ ಒಂದು ಮೈಕ್ರೊಮೀಟರಿಗೆ ಸುಮಾರು 20 ಕುಣಿಕೆ ಎಂಬ ಲೆಕ್ಕ ಯೀಸ್ಟಿನಿಂದ ಸಸ್ತನಿಯವರೆಗೆ ಹೆಚ್ಚುಕಡಿಮೆ ಬದಲಾಗುವುದಿಲ್ಲ. ಬದಲಾಗುವುದು ಕುಣಿಕೆಯ ಉದ್ದ: ಯೀಸ್ಟಿನಲ್ಲಿ ಅದು ಕೆಲವು ಹತ್ತು ಸಾವಿರ ಬೇಸ್, ಇಲಿಯಲ್ಲಿ ಸುಮಾರು 10 ಲಕ್ಷ ಅಥವಾ ಅದಕ್ಕೂ ಮೇಲೆ.

ಕುಣಿಕೆಯ ಬುಡದಲ್ಲಿ ಯಾವ ಸಾಲು ಕೂತಿರುತ್ತದೆ? 1992ರಲ್ಲಿ ಪರ್ಲ್‌ಮನ್, ತ್ಸಾವೊ ಮತ್ತು ಮೋನ್ಸ್ ರ‍್ಯಾಟ್‌ನ ವರ್ಣತಂತುಗಳ ಡಿಎನ್ಎಯನ್ನು ಕಿಣ್ವದಿಂದ ಕತ್ತರಿಸಿ ತೊಳೆದರು. ಅಕ್ಷಕ್ಕೆ ಅಂಟಿ ಉಳಿದದ್ದರಲ್ಲಿ ಜಿಟಿ ಜಿಟಿ ಎಂದು ಸಾಗುವ ಸರಳ ಸರಣಿಗಳೂ ಲೈನ್, ಸೈನ್ ಎಂಬ ಚದುರಿದ ಪುನರಾವರ್ತಿತಗಳೂ ಸಿಕ್ಕವು. ಇದನ್ನು ಓದಿ ಅಕ್ಷಕ್ಕೆ ಒಂದು ನಿರ್ದಿಷ್ಟ ವಿಳಾಸಸಾಲು ಇದೆ ಎಂದು ಹೇಳಿಬಿಡುವ ಆತುರ ಬೇಡ. 1996ರಲ್ಲಿ ಹೆಂಗ್ ಮತ್ತು ಸಂಗಡಿಗರು ಒಂದೇ ಬಗೆಯ ಸಾಲು ಬೇರೆಬೇರೆ ಜಾಗದಲ್ಲಿ ಹೇಗಿರುತ್ತದೆ ಎಂದು ಹೋಲಿಸಿದರು. ತುದಿಯಲ್ಲಿರುವ ಸಾಲು, ಅದು ಟೆಲೊಮಿಯರ್ (ವರ್ಣತಂತುವಿನ ತುದಿ) ಸಾಲೇ ಆಗಿರಲಿ ಬೇರೆಯದೇ ಆಗಿರಲಿ, ಅಕ್ಷಕ್ಕೆ ಹತ್ತಿರ, ಗಿಡ್ಡ ಕುಣಿಕೆಯಲ್ಲಿ. ಅದೇ ಸಾಲು ವರ್ಣತಂತುವಿನ ನಡುವೆ ಇದ್ದರೆ ಉದ್ದ ಕುಣಿಕೆಯಲ್ಲಿ. ಅಂದರೆ ಜಾಗದ ಮಾತೇ ಮೇಲು. ಈ ಪ್ರಯೋಗಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ ಎಂದು ನನ್ನ ಅನಿಸಿಕೆ.

ಹಿಡಿಕೆಯಾಗಿ ಪುನರಾವರ್ತಿತಗಳು

ತುದಿಯ ಸರಣಿಯ ಕೆಲಸ ಎಲ್ಲರಿಗೂ ಗೊತ್ತಿರುವುದೇ. ಬೆನ್ನೆಲುಬಿರುವ ಪ್ರಾಣಿಗಳಲ್ಲಿ ಟಿಟಿಎಜಿಜಿಜಿ ಎಂಬ ಆರು ಅಕ್ಷರ ಸಾವಿರಾರು ಸಲ ಬರುತ್ತದೆ. ಟರ್ಬ್1, ಟರ್ಬ್2, ಮಜಿನ್ ಪ್ರೋಟೀನ್‌ಗಳು ಆ ತುದಿಯನ್ನು ಕೋಶಕೇಂದ್ರದ ಒಳಪೊರೆಗೆ ಕಟ್ಟುತ್ತವೆ. ಸನ್1 ಮತ್ತು ಕ್ಯಾಶ್5 ಪೊರೆಯನ್ನು ದಾಟಿ ಹೊರಗಿನ ಡೈನೀನ್ ಮೋಟಾರಿಗೆ ಕೊಂಡಿ ಹಾಕುತ್ತವೆ. ಮೋಟಾರು ಎಳೆದಂತೆಲ್ಲ ತುದಿಗಳು ಪೊರೆಯ ಮೇಲೆ ಜಾರಿ ಒಂದು ಮೂಲೆಯಲ್ಲಿ ಗುಂಪಾಗುತ್ತವೆ. ಇಲ್ಲಿ ಗಮನಿಸಬೇಕಾದ್ದು, ಟೆಲೊಮಿಯರ್ ಸಾಲು ಎಲ್ಲ ವರ್ಣತಂತುಗಳಲ್ಲೂ ಒಂದೇ. ಹಾಗಾಗಿ ಜೋಡಿಯ ಗುರುತು ಅದರಿಂದ ಸಿಗಲಾರದು. ಅದು ಕೊಡುವುದು ಚಲನೆ ಮತ್ತು ಸಾಮೀಪ್ಯ ಮಾತ್ರ. ತಪ್ಪು ಜೋಡಿಗಳನ್ನು ಬಿಡಿಸುವುದರಲ್ಲೂ ಆ ಎಳೆದಾಟಕ್ಕೆ ಪಾತ್ರವಿದೆ. ಪೊಂಬೆ ಯೀಸ್ಟಿನಲ್ಲಿ ಟೆಲೊಮಿಯರ್ ಹಿಡಿಯುವ ಟಾಜ್1 ಇಲ್ಲದಿದ್ದರೆ ತುದಿಗಳು ಸರಿಯಾಗಿ ಗುಂಪುಗೂಡುವುದಿಲ್ಲ, ಕ್ರಾಸ್‌ಓವರ್ ಇಳಿಯುತ್ತದೆ, ಮೊಳೆಯುವ ಬೀಜಕಗಳೂ ಕಡಿಮೆಯಾಗುತ್ತವೆ.

ಗುರುತಿನ ಕೆಲಸವನ್ನೂ ಸರಣಿಗಳಿಗೇ ಒಪ್ಪಿಸಿದ ಜೀವಿ ಬೇಕಿದ್ದರೆ ಸಿ. ಎಲೆಗನ್ಸ್ ಹುಳುವನ್ನು ನೋಡಿ. ಅದರ ಆರು ವರ್ಣತಂತುಗಳಲ್ಲಿ ಪ್ರತಿಯೊಂದರ ಒಂದು ತುದಿಯತ್ತ ಜೋಡಣೆ ಕೇಂದ್ರವಿದೆ. ಅಲ್ಲಿ ಸುಮಾರು 12 ಬೇಸಿನ ಗಿಡ್ಡ ಸಾಲುಗಳು ಗುಂಪುಗುಂಪಾಗಿ ಹರಡಿವೆ. ಅವನ್ನು ಹಿಡಿಯುವುದು ಜಿಂಕ್ ಫಿಂಗರ್ ಪ್ರೋಟೀನ್‌ಗಳ ಒಂದೇ ಕುಟುಂಬ: ಎಕ್ಸ್‌ಗೆ ಹಿಮ್-8, 2 ಮತ್ತು 3ಕ್ಕೆ ಜಿಮ್-1, 5ಕ್ಕೆ ಜಿಮ್-2, 1 ಮತ್ತು 4ಕ್ಕೆ ಜಿಮ್-3. ಆರಕ್ಕೆ ನಾಲ್ಕೇ ಪ್ರೋಟೀನ್ ಎಂದಮೇಲೆ 2 ಮತ್ತು 3 ಕಲೆಯಬೇಕಲ್ಲವೇ? ಕಲೆಯುವುದಿಲ್ಲ. ಹಾಗಾಗಿ ಪ್ರೋಟೀನಿನ ಗುರುತೊಂದೇ ಸಾಲದು, ಕೊನೆಯ ಪರೀಕ್ಷೆ ಬೇರೆಯದು ಇದ್ದೇ ಇದೆ. ಹಿಮ್-8 ಕೆಟ್ಟರೆ ಎಕ್ಸ್ ಮಾತ್ರ ಜೋಡಿ ತಪ್ಪುತ್ತದೆ. ಸ್ವಯಂ ಫಲಿತ ಹುಳುವಿನ ಮರಿಗಳಲ್ಲಿ ಸಾಮಾನ್ಯವಾಗಿ ಸಾವಿರಕ್ಕೆ ಒಂದೆರಡು ಇರುವ ಗಂಡುಗಳು ಆಗ ಮೂರರಲ್ಲೊಂದಕ್ಕೂ ಹೆಚ್ಚಾಗುತ್ತವೆ. ಆ ಸಾಲಿನ ಪ್ರತಿಗಳನ್ನು ಸಾಕಷ್ಟು ಸಂಖ್ಯೆಯಲ್ಲಿ, ಕೇಂದ್ರ ಕಳೆದುಕೊಂಡ ವರ್ಣತಂತುವಿಗೆ ಸೇರಿಸಿದರೆ ಜೋಡಣೆ ಮರಳುತ್ತದೆ. ಈ ಹುಳುವಿನಲ್ಲಿ ಎಳೆ ಕಡಿಯುವ ಸ್ಪೊ-11 ಇಲ್ಲದಿದ್ದರೂ ಜೋಡಣೆ ನಡೆಯುತ್ತದೆ. ಇಲಿಯಲ್ಲಿ ಹಾಗಲ್ಲ, ಅಲ್ಲಿ ಕಡಿತವಿಲ್ಲದೆ ಸರಿಯಾದ ಜೋಡಣೆಯಿಲ್ಲ.

ಗಂಡು ಹಣ್ಣುನೊಣದ ದಾರಿ ಇನ್ನೂ ವಿಚಿತ್ರ. ಅದರ ಮಿಯಾಸಿಸ್‌ನಲ್ಲಿ ಕ್ರಾಸ್‌ಓವರ್ ಇಲ್ಲ, ಸಿನಾಪ್ಟೊನೀಮಲ್ ಕಾಂಪ್ಲೆಕ್ಸೂ ಇಲ್ಲ. ಎಕ್ಸ್ ಮತ್ತು ವೈ ಹಿಡಿದುಕೊಳ್ಳುವುದು ರೈಬೊಸೋಮ್ ಆರ್‌ಎನ್ಎ ಜೀನ್‌ಗಳ ನಡುವಿನ ಖಾಲಿ ಜಾಗದಲ್ಲಿರುವ 240 ಬೇಸಿನ ಪುನರಾವರ್ತಿತಗಳಿಂದ. ಮೆಕ್ಕೀ ಮತ್ತು ಸಂಗಡಿಗರು 1992ರಲ್ಲಿ ಜೀನ್‌ಗಳನ್ನು ಬಿಟ್ಟು ಈ 240ರ ತುಂಡುಗಳನ್ನಷ್ಟೇ, ಹಿಡಿಕೆ ಕಳೆದುಕೊಂಡ ಎಕ್ಸ್‌ಗೆ ಸೇರಿಸಿದರೂ ಜೋಡಣೆ ಮರಳಿತು. ಪ್ರತಿಗಳು ಹೆಚ್ಚಿದಷ್ಟೂ ಹಿಡಿತ ಬಲವಾಗುತ್ತದೆ. ಹಿಡಿದಿಡುವ ಪ್ರೋಟೀನ್‌ಗಳು ಎಸ್‌ಎನ್‌ಎಂ ಮತ್ತು ಎಂಎನ್‌ಎಂ.

ಇಲಿಯ ಎಂಒ-2

ಗಂಡು ಇಲಿಯ ಎಕ್ಸ್ ಮತ್ತು ವೈ ನಡುವೆ ಹೋಲಿಕೆ ಇರುವುದು ಸುಮಾರು 7 ಲಕ್ಷ ಬೇಸಿನ ಒಂದು ಗಿಡ್ಡ ವಲಯದಲ್ಲಿ ಮಾತ್ರ. ಕ್ರಾಸ್‌ಓವರ್ ಅಲ್ಲೇ ಆಗಬೇಕು, ಪ್ರತಿ ಕೋಶದಲ್ಲೂ ಆಗಬೇಕು. ಲೆಕ್ಕ ಹಾಕಿ ನೋಡಿ: ಇಲಿಯ ಒಂದು ಕೋಶದಲ್ಲಿ ಸ್ಪೊ11 ಮಾಡುವ ಎರಡೆಳೆ ಕಡಿತಗಳು ಸುಮಾರು 200ರಿಂದ 300. ಜೀನೋಮ್ 270 ಕೋಟಿ ಬೇಸ್. ಸರಾಸರಿ ಕೋಟಿ ಬೇಸಿಗೆ ಒಂದು ಕಡಿತ. ಹಾಗಿದ್ದರೆ ಈ ಗಿಡ್ಡ ವಲಯದಲ್ಲಿ ಕಡಿತ ಬೀಳುವ ಸಾಧ್ಯತೆ ನೂರಕ್ಕೆ ಏಳರ ಆಸುಪಾಸು. ಉಳಿದ ಕೋಶಗಳೆಲ್ಲ ಸಾಯಬೇಕಿತ್ತು. ಸಾಯುವುದಿಲ್ಲ.

ಮೊದಲ ಉತ್ತರ 2011ರಲ್ಲಿ ಕೌಪ್ಪಿ ಮತ್ತು ಸಂಗಡಿಗರಿಂದ ಬಂತು: ಆ ವಲಯದಲ್ಲಿ ಕುಣಿಕೆಗಳು ಗಿಡ್ಡ, ಅಕ್ಷ ಡಿಎನ್ಎಯ ಪ್ರಮಾಣಕ್ಕೆ ಹೋಲಿಸಿದರೆ ತೀರ ಉದ್ದ. ಕಡಿತದ ಯಂತ್ರ ಕೂರುವುದು ಅಕ್ಷದ ಮೇಲೆ, ಹಾಗಾಗಿ ಅಕ್ಷ ಉದ್ದವಾದಷ್ಟೂ ಕಡಿತಕ್ಕೆ ಜಾಗ ಹೆಚ್ಚು. ಅಲ್ಲಿ ಮಾತ್ರ ಅಕ್ಷ ಉದ್ದವಾಗುವುದು ಏಕೆ ಎಂಬುದು 2020ರಲ್ಲಿ ಅಕ್ವಾವಿವಾ ಮತ್ತು ಸಂಗಡಿಗರ ಕೆಲಸದಿಂದ ತಿಳಿಯಿತು. ಆ ವಲಯದಲ್ಲಿ ಎಂಒ-2 ಎಂಬ ಮಿನಿಸ್ಯಾಟಲೈಟ್ ಇದೆ, 31 ಬೇಸಿನ ತುಂಡು ಸಾಲಾಗಿ ಮರುಕಳಿಸಿದ್ದು. ರೆಕ್114, ಮೆಯ್4, ಮೆಯ್1, ಆಂಕ್‌ಆರ್‌ಡಿ31, ಐಎಚ್‌ಒ1 ಎಂಬ ಐದು ಪ್ರೋಟೀನ್‌ಗಳು ಅಲ್ಲಿ ದಟ್ಟ ಗುಡ್ಡೆಯಾಗಿ ಸೇರುತ್ತವೆ. ಜೋಡಣೆ ನಡೆಯುವ ಜೈಗೊಟೀನ್ ಹಂತದ ಕೊನೆಗೆ ಅಕ್ಷ ಅಲ್ಲಿ ಹಿಗ್ಗುತ್ತದೆ, ಅಕ್ಕತಂಗಿ ಕ್ರೊಮ್ಯಾಟಿಡ್‌ಗಳ (ಒಂದೇ ವರ್ಣತಂತುವಿನ ಎರಡು ನಕಲುಗಳ) ಅಕ್ಷಗಳು ಬೇರ್ಪಟ್ಟು ಎರಡು ಗೆರೆಯಾಗಿ ಕಾಣುತ್ತವೆ. ಎಕ್ಸ್ ಮತ್ತು ವೈ ಜೋಡಿಯಾದ ಮೇಲೆ ಆ ಹಿಗ್ಗು ಕುಗ್ಗುತ್ತದೆ. ಆಂಕ್‌ಆರ್‌ಡಿ31 ಇಲ್ಲದ ಇಲಿಯಲ್ಲಿ ಗುಡ್ಡೆಯಿಲ್ಲ, ಹಿಗ್ಗೂ ಇಲ್ಲ, ಎಕ್ಸ್ ಮತ್ತು ವೈ ಬಿಡಿಬಿಡಿ.

ಸಾಲೇ ಕಾರಣವೋ, ಎಕ್ಸ್-ವೈ ಎಂಬ ಜಾಗ ಕಾರಣವೋ? ಈ ಅನುಮಾನಕ್ಕೆ ಪ್ರಕೃತಿಯೇ ಹೋಲಿಕೆಯ ಸಾಧನ ಕೊಟ್ಟಿದೆ. ಎಂಒ-2 ಸರಣಿ 4, 9 ಮತ್ತು 13ನೇ ವರ್ಣತಂತುಗಳ ತುದಿಯಲ್ಲೂ ಇದೆ, ಅಲ್ಲೂ ಅದೇ ಗುಡ್ಡೆ ಕಾಣುತ್ತದೆ. ಪ್ರತಿಗಳು ಕಡಿಮೆ ಇರುವ ಇಲಿ ತಳಿಯಲ್ಲಿ ಪ್ರೋಟೀನ್ ಗುಡ್ಡೆಯೂ ಚಿಕ್ಕದು. ನಾಲ್ಕು ಪ್ರಶ್ನೆಗಳಲ್ಲಿ ಪ್ರತಿಗಳ ಸಂಖ್ಯೆ ಮತ್ತು ಹಿಡಿದ ಪ್ರೋಟೀನ್ ಎಷ್ಟು ತೂಕದವು ಎಂದು ತೋರಿಸಲು ಇದಕ್ಕಿಂತ ಚೊಕ್ಕ ಉದಾಹರಣೆ ನನಗೆ ಗೊತ್ತಿಲ್ಲ.

ಕಡಿಯಬಾರದ ಜಾಗ

ಉಳಿದೆಡೆ ಕೋಶದ ನಿಯಮ ತದ್ವಿರುದ್ಧ: ಉದ್ದನೆಯ ಸರಣಿಯ ಒಳಗೆ ಕಡಿತ ಬೇಡ. ಮನುಷ್ಯನ ಸೆಂಟ್ರೊಮಿಯರ್‌ನಲ್ಲಿ (ವಿಭಜನೆಯಲ್ಲಿ ವರ್ಣತಂತುವನ್ನು ಎಳೆಯುವ ದಾರ ಹಿಡಿಯುವ ಜಾಗ) 171 ಬೇಸಿನ ಆಲ್ಫಾ ಸ್ಯಾಟಲೈಟ್ ತುಂಡುಗಳು ಸೇರಿ ದೊಡ್ಡ ಘಟಕ, ಆ ದೊಡ್ಡ ಘಟಕ ನೂರಾರು ಸಾವಿರಾರು ಸಲ ಮರುಕಳಿಸಿ ಲಕ್ಷಾಂತರ ಬೇಸ್. ಎಕ್ಸ್‌ನಲ್ಲಿ ಈ ಘಟಕ 12 ತುಂಡುಗಳದು, ಸುಮಾರು 2000 ಬೇಸ್. ಅಲ್ಲಿ ಕಡಿತವಾದರೆ ದುರಸ್ತಿಗೆ ಯಾವ ಪ್ರತಿಯನ್ನು ನೋಡಬೇಕೆಂಬುದೇ ಗೊಂದಲ. ಸೆಂಟ್ರೊಮಿಯರ್ ಹತ್ತಿರ ಕ್ರಾಸ್‌ಓವರ್ ಕಡಿಮೆ ಎಂದು ಬೀಡಲ್ 1932ರಲ್ಲೇ ಹಣ್ಣುನೊಣದಲ್ಲಿ ತೋರಿಸಿದ್ದರು. ತೀರ ಹತ್ತಿರ ಕ್ರಾಸ್‌ಓವರ್ ಆದರೆ ಅಕ್ಕತಂಗಿ ಕ್ರೊಮ್ಯಾಟಿಡ್‌ಗಳನ್ನು ಹಿಡಿದಿಡುವ ಕೊಹೆಸಿನ್ ಕದಲುತ್ತದೆ. ತಾಯಿಯ ಎರಡನೇ ವಿಭಜನೆಯಲ್ಲಿ ಆದವೆಂದು ಗುರುತಿಸಿದ 21ರ ಟ್ರೈಸೋಮಿಗಳಲ್ಲಿ (21ನೇ ವರ್ಣತಂತು ಮೂರಿರುವ ಸ್ಥಿತಿ) ಇಂಥ ಕ್ರಾಸ್‌ಓವರ್ ಹೆಚ್ಚಾಗಿ ಸಿಕ್ಕಿದೆ.

ತಡೆಯ ಯಂತ್ರವನ್ನು ಬಿಡಿಸಿ ನೋಡಲು ಪೊಂಬೆ ಯೀಸ್ಟ್ ಅನುಕೂಲ. ಸೆಂಟ್ರೊಮಿಯರ್ ಬದಿಯ ಡಿಜಿ, ಡಿಎಚ್ ಪುನರಾವರ್ತಿತಗಳಿಂದ ಚಿಕ್ಕ ಆರ್‌ಎನ್ಎ ಹುಟ್ಟುತ್ತದೆ, ಅದರಿಂದ ಎಚ್3ಕೆ9 ಮೀಥೈಲೇಶನ್ (ಡಿಎನ್ಎ ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನಿನ ಮೇಲಿನ ರಾಸಾಯನಿಕ ಗುರುತು), ಅದನ್ನು ಹಿಡಿಯುವ ಸ್ವೈ6, ಸ್ವೈ6 ಕರೆತರುವ ಪಿಎಸ್‌ಸಿ3 ಎಂಬ ಕೊಹೆಸಿನ್ ಭಾಗ. ತೋಳುಗಳಲ್ಲಿ ರೆಕ್8ರ ಜೊತೆಗಿರುವುದು ರೆಕ್11, ಅದು ಕಡಿತದ ಯಂತ್ರವನ್ನು ಕರೆಯುತ್ತದೆ. ಇಲ್ಲಿ ಅದರ ಬದಲು ಪಿಎಸ್‌ಸಿ3 ಇರುವುದರಿಂದ ಕರೆಯೇ ಹೋಗುವುದಿಲ್ಲ. ಬಲವಂತವಾಗಿ ರೆಕ್11ನ್ನು ಅಲ್ಲಿಗೆ ತಂದರೆ ಕಡಿತ ಶುರುವಾಗುತ್ತದೆ. ಬೇಕರ್ಸ್ ಯೀಸ್ಟಿನ ಸೆಂಟ್ರೊಮಿಯರ್‌ನಲ್ಲಾದರೆ ಸುಮಾರು 125 ಬೇಸ್ ಅಷ್ಟೇ, ಪುನರಾವರ್ತಿತವೇ ಇಲ್ಲ. ಆದರೂ ಸುತ್ತ ತಡೆಯಿದೆ, ಅದನ್ನು ಮಾಡುವುದು ಸೆಂಟ್ರೊಮಿಯರ್ ಮೇಲೆ ಕೂರುವ ಪ್ರೋಟೀನ್ ಕೂಟವಾದ ಕೈನೆಟೊಕೋರ್. ಆದ್ದರಿಂದ ತಡೆಗೆಲ್ಲ ಸರಣಿಯೇ ಕಾರಣ ಎನ್ನಬೇಡಿ. ಅದೇ ಯೀಸ್ಟಿನ ರೈಬೊಸೋಮ್ ಡಿಎನ್ಎ, ಅಂದರೆ 9.1 ಸಾವಿರ ಬೇಸಿನ 100ರಿಂದ 200 ಪ್ರತಿಗಳ ಸಾಲು, ಸರ್2ರ ಕಾವಲಿನಲ್ಲಿದೆ. ಅಂಚುಗಳನ್ನು ಪಿಸಿಎಚ್2 ಕಾಯುತ್ತದೆ. ಅದಿಲ್ಲದಿದ್ದರೆ ಕಡಿತಗಳು ಅಂಚಿನಲ್ಲೇ ಹೆಚ್ಚುತ್ತವೆ.

ಇಲಿಯಲ್ಲಿ ಎಚ್3ಕೆ9 ಮೀಥೈಲ್ ಗುರುತು ಹಾಕುವ ಎರಡು ಎಸ್‌ಯುವಿ39ಎಚ್ ಕಿಣ್ವಗಳನ್ನೂ ತೆಗೆದರೆ, ಜೋಡಿಯಲ್ಲದ ವರ್ಣತಂತುಗಳು ಸೆಂಟ್ರೊಮಿಯರ್ ಬದಿಯಲ್ಲಿ ಒಂದಕ್ಕೊಂದು ಅಂಟುತ್ತವೆ ಎಂದು 2001ರಲ್ಲಿ ಗೊತ್ತಾಯಿತು. ಅಲ್ಲಿ ಎಲ್ಲ ಆಟೊಸೋಮ್‌ಗಳಿಗೂ (ಎಕ್ಸ್, ವೈ ಬಿಟ್ಟು ಉಳಿದವು) ಅದೇ 234 ಬೇಸಿನ ಮೇಜರ್ ಸ್ಯಾಟಲೈಟ್. ಗುರುತು ಕಳಚಿದ ಕೂಡಲೇ ಒಂದೇ ಬಗೆಯ ಸಾಲು ಶತ್ರುವಾಗುತ್ತದೆ.

ತಡೆ ಇಲ್ಲದ ಕಡೆ ಏನಾಗುತ್ತದೆಂಬುದಕ್ಕೆ ಮನುಷ್ಯನ 17ನೇ ವರ್ಣತಂತುವಿನ ಉದಾಹರಣೆ ಸಾಕು. ಸುಮಾರು 24 ಸಾವಿರ ಬೇಸಿನ ಎರಡು ಪ್ರತಿಗಳು 14 ಲಕ್ಷ ಬೇಸ್ ದೂರದಲ್ಲಿವೆ, ಹೋಲಿಕೆ ಶೇ. 98ಕ್ಕೂ ಹೆಚ್ಚು. ಒಂದರ ಮೊದಲ ಪ್ರತಿ ಇನ್ನೊಂದರ ಎರಡನೇ ಪ್ರತಿಗೆ ಜೋಡಿಯಾಗಿ ಕ್ರಾಸ್‌ಓವರ್ ಆದರೆ ನಡುವಿನ ಪಿಎಂಪಿ22 ಜೀನ್ ಒಂದರಲ್ಲಿ ಇಮ್ಮಡಿ, ಇನ್ನೊಂದರಲ್ಲಿ ಇಲ್ಲ. ಮೊದಲನೆಯದು ಶಾರ್ಕೊ-ಮರಿ-ಟೂತ್ 1ಎ ಎಂಬ ನರದ ಕಾಯಿಲೆ, ಎರಡನೆಯದು ಒತ್ತಡಕ್ಕೆ ನರ ಸೋಲುವ ಎಚ್‌ಎನ್‌ಪಿಪಿ. 800 ಜನರಲ್ಲಿ ಸುಮಾರು ಒಬ್ಬರಲ್ಲಿರುವ ರಾಬರ್ಟ್‌ಸೋನಿಯನ್ ಜೋಡಣೆಯೂ (ಎರಡು ವರ್ಣತಂತುಗಳು ಸೆಂಟ್ರೊಮಿಯರ್ ಬಳಿ ಬೆಸೆದು ಒಂದಾಗುವುದು) ಇದೇ ಜಾತಿ: 13, 14, 21ರ ಗಿಡ್ಡ ತೋಳುಗಳಲ್ಲಿ ಎಸ್‌ಎಸ್‌ಟಿ1 ಸರಣಿ ಇದೆ, 14ರಲ್ಲಿ ಮಾತ್ರ ಅದು ತಲೆಕೆಳಗು. ಈ ತೋಳುಗಳು ನ್ಯೂಕ್ಲಿಯೊಲಸ್‌ನ ಸುತ್ತ ಸೇರುವುದರಿಂದ ಭೇಟಿಗೂ ಅವಕಾಶ ಧಾರಾಳ.

ಸ್ಲೈಡಿನ ಮೇಲೆ ನೋಡುವಾಗ

ಇಲಿಯ ವೃಷಣದಿಂದ ವರ್ಣತಂತು ಹರಡುವ ವಿಧಾನ 1997ರಿಂದ ಹೆಚ್ಚು ಬದಲಾಗಿಲ್ಲ. ಬೇಕಾದ ಹಂತಕ್ಕೆ ತಕ್ಕ ವಯಸ್ಸು ಮೊದಲು: ಮೊದಲ ಅಲೆಯಲ್ಲಿ ಜೈಗೊಟೀನ್ ಹುಟ್ಟಿದ 12ನೇ ದಿನದ ಸುಮಾರಿಗೆ, ಜೋಡಿ ಪೂರ್ತಿಯಾದ ಪ್ಯಾಕಿಟೀನ್ 14ರಿಂದ. ನಾಳಗಳನ್ನು 30 ಮಿಲಿಮೋಲಾರ್ ಟ್ರಿಸ್, 50 ಸುಕ್ರೋಸ್, 17 ಸಿಟ್ರೇಟ್, 5 ಇಡಿಟಿಎ, ಪಿಎಚ್ 8.2 ಇರುವ ದ್ರಾವಣದಲ್ಲಿ 30ರಿಂದ 60 ನಿಮಿಷ ಬಿಡಿ. ಡಿಟಿಟಿ ಮತ್ತು ಪಿಎಂಎಸ್‌ಎಫ್ ಆಗಷ್ಟೇ ಹಾಕಿ. 100 ಮಿಲಿಮೋಲಾರ್ ಸುಕ್ರೋಸ್‌ನಲ್ಲಿ ನಾಳಗಳನ್ನು ಹರಿದು, ಶೇ. 1 ಪ್ಯಾರಾಫಾರ್ಮಾಲ್ಡಿಹೈಡ್ ಮತ್ತು ಶೇ. 0.15 ಟ್ರೈಟಾನ್ ಇರುವ, ಪಿಎಚ್ 9.2ರ ದ್ರಾವಣದಲ್ಲಿ ಅದ್ದಿದ ಸ್ಲೈಡಿನ ಮೇಲೆ ಹನಿಸಿ. ತೇವದ ಡಬ್ಬಿಯಲ್ಲಿ ಎರಡು ಗಂಟೆಯಾದರೂ ಇಟ್ಟು ಆಮೇಲೆ ಮುಚ್ಚಳ ತೆರೆದು ಒಣಗಿಸಿ. ಮೊದಲ ದ್ರಾವಣದಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಅಕ್ಷ ಹರಿಯುತ್ತದೆ, ಕಡಿಮೆಯಾದರೆ ಕೋಶಕೇಂದ್ರ ಉಂಡೆಯಾಗಿಯೇ ಉಳಿಯುತ್ತದೆ. ಪಿಎಚ್ ಇಳಿದಿದ್ದರೆ ಕುಣಿಕೆಗಳು ಬಿಚ್ಚಿಕೊಳ್ಳುವುದಿಲ್ಲ, ಕುಣಿಕೆಯ ಉದ್ದ ಅಳೆಯುವವರಿಗೆ ಅಂಥ ಸ್ಲೈಡ್ ಕೆಲಸಕ್ಕೆ ಬಾರದು.

ಎಸ್‌ವೈಸಿಪಿ3 ಪ್ರತಿಕಾಯದ ಚಿತ್ರ ಮೊದಲು ತೆಗೆದು, ಸ್ಲೈಡಿನ ಮೇಲಿನ ಜಾಗದ ಅಂಕಿ ಬರೆದಿಟ್ಟುಕೊಂಡು, ಆಮೇಲೆ ಫಿಶ್‌ಗೆ (ಹೊಳೆಯುವ ಡಿಎನ್ಎ ಪ್ರೋಬ್ ಅಂಟಿಸಿ ಸಾಲಿನ ಜಾಗ ನೋಡುವ ವಿಧಾನ) ಹೋಗಿ. ಶೇ. 70 ಫಾರ್ಮಮೈಡ್‌ನಲ್ಲಿ 70 ಡಿಗ್ರಿ ದಾಟಿ ಬಿಸಿ ಮಾಡಿದ ಮೇಲೆ ಎಷ್ಟೋ ಪ್ರತಿಕಾಯಗಳ ಬೆಳಕು ಮಸುಕಾಗುತ್ತದೆ. ಸಾಮಾನ್ಯ ಫಿಶ್‌ನಲ್ಲಿ ಕಾಟ್-1 ಡಿಎನ್ಎ ಹಾಕುವುದು ಪುನರಾವರ್ತಿತಗಳನ್ನು ಮುಚ್ಚಲು. ನಿಮ್ಮ ಗುರಿಯೇ ಪುನರಾವರ್ತಿತವಾದರೆ ಅದನ್ನು ಹಾಕಬಾರದು, ಅಭ್ಯಾಸಬಲದಿಂದ ಹಾಕಿ ಖಾಲಿ ಸ್ಲೈಡ್ ನೋಡುವವರು ಕಡಿಮೆಯಿಲ್ಲ. ತೊಳೆಯುವ ಬಿಗಿ ಸಡಿಲವಾದರೆ ಆಲ್ಫಾ ಸ್ಯಾಟಲೈಟ್ ಪ್ರೋಬ್ ಎಲ್ಲ ಸೆಂಟ್ರೊಮಿಯರ್‌ಗಳಲ್ಲೂ ಹೊಳೆಯುತ್ತದೆ. ಉಪ್ಪು ಕಡಿಮೆ ಮಾಡಿ, 0.1 ಪಟ್ಟು ಎಸ್‌ಎಸ್‌ಸಿ ಉಪ್ಪುದ್ರಾವಣದಲ್ಲಿ 60 ಡಿಗ್ರಿಗೆ ತೊಳೆದರೆ ಬಹುಮಟ್ಟಿಗೆ ಸರಿಹೋಗುತ್ತದೆ. 13 ಮತ್ತು 21, 14 ಮತ್ತು 22 ಮಾತ್ರ ಎಷ್ಟು ತೊಳೆದರೂ ಬೇರ್ಪಡುವುದಿಲ್ಲ, ಅವುಗಳ ಸೆಂಟ್ರೊಮಿಯರ್ ಸಾಲು ಅಷ್ಟು ಹತ್ತಿರ. ಅವಕ್ಕೆ ತೋಳಿನ ಮೇಲಿನ ಪ್ರೋಬ್ ಬಳಸಿ. ಟೆಲೊಮಿಯರ್‌ಗಳ ಗುಂಪುಗೂಡುವಿಕೆಯನ್ನು ಹರಡಿದ ಸ್ಲೈಡಿನಲ್ಲಿ ಎಣಿಸಲೇಬೇಡಿ. ಹರಡುವಾಗಲೇ ಮೂರು ಆಯಾಮದ ಜಾಗ ಅಳಿಸಿಹೋಗಿರುತ್ತದೆ, ಅದಕ್ಕೆ ಆಕಾರ ಉಳಿಸಿದ ಸೆಕ್ಷನ್ ಬೇಕು.

ಸೀಕ್ವೆನ್ಸಿಂಗ್‌ನಲ್ಲಿ ಮೋಸ ಹೋಗುವುದು ಇನ್ನೂ ಸುಲಭ. ಗಿಡ್ಡ ರೀಡ್ (ಯಂತ್ರ ಒಮ್ಮೆಗೆ ಓದಿದ ಡಿಎನ್ಎ ತುಂಡು) ಹತ್ತು ಕಡೆ ಸಮಾನವಾಗಿ ಹೊಂದಿದರೆ ರೀಡ್‌ಗಳನ್ನು ಜೀನೋಮಿಗೆ ಹೊಂದಿಸುವ ತಂತ್ರಾಂಶ ಅದಕ್ಕೆ ಸೊನ್ನೆ ಗುಣಮಟ್ಟ ಕೊಡುತ್ತದೆ. ಮುಂದಿನ ಹಂತದ ಸೋಸುವಿಕೆ ಅದನ್ನು ಎಸೆಯುತ್ತದೆ. ಕೊನೆಗೆ ಅಲ್ಲಿ ಪ್ರೋಟೀನ್ ಇಲ್ಲ ಎಂಬ ಗ್ರಾಫ್ ಬರುತ್ತದೆ, ನಿಜಕ್ಕೂ ಇಲ್ಲದ್ದು ರೀಡ್. ಬಹುಕಾಲ ಬಳಕೆಯಲ್ಲಿರುವ ಇಲಿಯ ಜೀನೋಮ್ ಪ್ರತಿಯಲ್ಲಿ ಹೆಚ್ಚುಕಡಿಮೆ ಎಲ್ಲ ವರ್ಣತಂತುಗಳ ಮೊದಲ 30 ಲಕ್ಷ ಬೇಸ್ ಜಾಗ ಬರೀ ಎನ್ ಅಕ್ಷರ (ಸಾಲು ಗೊತ್ತಿಲ್ಲ ಎಂಬ ಗುರುತು), ಹಾಗಾಗಿ ಸೆಂಟ್ರೊಮಿಯರ್ ರೀಡ್‌ಗೆ ಕೂರಲು ಜಾಗವೇ ಇಲ್ಲ. ಮನುಷ್ಯನಿಗೆ 2022ರಲ್ಲಿ ಪ್ರಕಟವಾದ ಪೂರ್ಣ ಜೀನೋಮ್ ಈ ಕೊರತೆ ತುಂಬಿದೆ. ಆದರೂ ಅದು ಒಂದೇ ಕೋಶಸಾಲಿನ ಜೀನೋಮ್, ನಿಮ್ಮ ಮಾದರಿಯ ಸರಣಿಯ ಉದ್ದ ಬೇರೆಯೇ ಇರುತ್ತದೆ. ಹಾಗಾಗಿ ಸ್ಥಾನದ ಬದಲು ಬಗೆಯನ್ನು ಎಣಿಸಿ: ರೀಡ್‌ಗಳನ್ನು ಸ್ಯಾಟಲೈಟಿನ ಮಾದರಿ ಸಾಲಿಗೆ ಹೊಂದಿಸಿ, ಅಥವಾ ಗಿಡ್ಡ ಪದಗಳ ಲೆಕ್ಕ ತೆಗೆದು, ಚಿಪ್‌ನ (ಪ್ರತಿಕಾಯದಿಂದ ಪ್ರೋಟೀನಿನೊಡನೆ ಹಿಡಿದು ತೆಗೆದ ಡಿಎನ್ಎ) ಎಣಿಕೆಯನ್ನು ಅದೇ ಪ್ರಾಣಿಯ ಇನ್‌ಪುಟ್‌ನ (ಹಿಡಿಯುವ ಮುಂಚಿನ ಡಿಎನ್ಎ) ಎಣಿಕೆಯಿಂದ ಭಾಗಿಸಿ. ಇನ್‌ಪುಟ್ ಬೇರೆ ಪ್ರಾಣಿಯದಾದರೆ, ಅದರಲ್ಲೂ ಬೇರೆ ತಳಿಯದಾದರೆ, ನೀವು ಅಳೆದದ್ದು ಪ್ರೋಟೀನಿನ ಬಂಧವನ್ನಲ್ಲ, ಎರಡು ಪ್ರಾಣಿಗಳ ನಡುವಿನ ಪ್ರತಿಸಂಖ್ಯೆಯ ವ್ಯತ್ಯಾಸವನ್ನು. ಪಿಸಿಆರ್ ಸುತ್ತುಗಳನ್ನೂ ಕನಿಷ್ಠಕ್ಕೆ ಇಳಿಸಿ, ಎಟಿ ಹೆಚ್ಚಿರುವ ಸ್ಯಾಟಲೈಟುಗಳು ಸುತ್ತು ಹೆಚ್ಚಿದಂತೆ ಲೈಬ್ರರಿಯಿಂದ ಮಾಯವಾಗುತ್ತವೆ.